ಲಂಕೆಯ ಕಿರುಸೇತುವೆಗೆ ಬ್ಯಾಡಗಿಯ ಗೋಣಿ

ನಡೆದದ್ದು ಇಷ್ಟೇ. ನಾನು ಶ್ರೀಲಂಕಾಕ್ಕೆ ಹೋಗಿ ಗೆದ್ದು ಬಂದದ್ದು ಜಾಣತನದಿಂದಲ್ಲ, ಚೀಲ ತೊಳೆಯದೆ ಒಯ್ದದ್ದರಿಂದ. ಪತ್ರಿಕೆಯವರು ‘ಅಧ್ಯಯನ ಮುಗಿಸಿ ಬಂದ ಮಹಿಳಾ ಉದ್ಯಮಿ’ ಎಂದು ನನ್ನ ಫೋಟೋ ಹಾಕಿದರು. ನಾನು ಓದಿದ್ದು ಮೂರನೆಯ ಇಯತ್ತೆ. ಹೋದದ್ದು ಇನ್ನೊಬ್ಬಾಕೆಯ ಜಾಗಕ್ಕೆ, ತಂದದ್ದು ಒಂದು ಕಾಗದ. ಆ ಕಾಗದ ಹೇಗೆ ಸಿಕ್ಕಿತು ಎಂಬುದನ್ನು ಜನ ತಮಗೆ ತಿಳಿದಂತೆ ಹೇಳಿಕೊಂಡು ತಿರುಗುತ್ತಿದ್ದಾರೆ. ಆದ್ದರಿಂದ ನಾನೇ ಬರೆಯುತ್ತಿದ್ದೇನೆ.

ಬ್ಯಾಡಗಿ

ಮೆಣಸಿನಕಾಯಿ ಪೇಟೆಯ ಹಿಂದೆ ನನ್ನದೊಂದು ತಗಡಿನ ಶೆಡ್ಡು. ಪೇಟೆಯ ಹರಿದ ಗೋಣಿಚೀಲ ಹೊಲಿದು ಕೊಡುವುದು ನಮ್ಮ ಕಸುಬು. ಹನ್ನೊಂದು ಹೆಂಗಸರು, ಹನ್ನೊಂದು ದಬ್ಬಣ. ಸುಗ್ಗಿಯಲ್ಲಿ ತಲೆ ಎತ್ತಲಿಕ್ಕೆ ಪುರಸೊತ್ತಿಲ್ಲ, ಸುಗ್ಗಿ ಮುಗಿದರೆ ಕೈ ಖಾಲಿ. ಬರಬರುತ್ತ ವ್ಯಾಪಾರಿಗಳು ಹರಿದ ಚೀಲ ಹೊಲಿಸುವುದನ್ನೇ ಬಿಟ್ಟು ಹೊಸ ಚೀಲ ತರಿಸತೊಡಗಿದರು. ಆಗ ಸುಗ್ಗಿಯಲ್ಲೂ ಪುರಸೊತ್ತು ಸಿಕ್ಕಿತು. ಅಂಥ ಪುರಸೊತ್ತು ಯಾರಿಗೂ ಬೇಡ.

ಆ ವರ್ಷಗಳಲ್ಲಿ ಹೆದ್ದಾರಿಯನ್ನು ಅಗಲ ಮಾಡುತ್ತಿದ್ದರು. ಅದಕ್ಕೆ ಬಂದು ಕೂಡುವ ಹಳ್ಳಿಯ ರಸ್ತೆಗಳಲ್ಲೂ ಕಿರುಸೇತುವೆಗಳ ಕೆಲಸ ಹತ್ತಿತ್ತು. ಹಸಿ ಕಾಂಕ್ರೀಟಿಗೆ ದಿನಗಟ್ಟಲೆ ನೀರು ಉಣಿಸಬೇಕು, ಒಣಗಿದರೆ ಸೀಳುತ್ತದೆ. ಅದಕ್ಕೇ ಮೇಲೆ ಗೋಣಿ ಹಾಸಿ ನೀರು ಹೊಡೆಯುತ್ತಾರೆ. ಒಮ್ಮೆ ಹಾವೇರಿಯಿಂದ ಬರುವಾಗ ಬಸ್ಸಿನ ಕಿಟಕಿಯಿಂದ ನೋಡಿದೆ: ಒಂಟಿ ಪದರಿನ ಗೋಣಿ ಗಾಳಿಗೆ ಹಾರಿ ಗಟಾರದಲ್ಲಿ ಬಿದ್ದಿತ್ತು, ಕಾಂಕ್ರೀಟು ಬಿಸಿಲಲ್ಲಿ ಬೆಳ್ಳಗಾಗಿತ್ತು. ಮನೆಗೆ ಬಂದವಳೇ ಎರಡು ಗೋಣಿಯ ನಡುವೆ ರಾಣೇಬೆನ್ನೂರಿನ ಹತ್ತಿ ಬಿಡಿಸುವ ಜಿನ್ನಿನಿಂದ ತಂದ ಕಸ ತುಂಬಿ, ಕೌದಿ ಹೊಲಿದ ಹಾಗೆ ಹೊಲಿದೆ. ಬೆಳಿಗ್ಗೆ ತೋಯಿಸಿದರೆ ಸಂಜೆಯವರೆಗೂ ಒದ್ದೆ. ತೂಕಕ್ಕೆ ಗಾಳಿಯೂ ಎತ್ತುವುದಿಲ್ಲ. ಇದಕ್ಕೆ ನಾವು ತಟ್ಟು ಎಂದು ಹೆಸರಿಟ್ಟೆವು.

ಸರಕಾರ ಆಗಷ್ಟೇ ಒಂದು ನಿಯಮ ಮಾಡಿತ್ತು. ತಾಲ್ಲೂಕಿನಲ್ಲಿ ರಸ್ತೆ, ಸೇತುವೆ, ಕಾಲುವೆ ಏನೇ ಕಟ್ಟಲಿ, ಬೇಕಾದ ಮಾಲಿನಲ್ಲಿ ಒಂದು ಪಾಲನ್ನು ಅದೇ ತಾಲ್ಲೂಕಿನ ಸಣ್ಣ ಉದ್ಯಮದವರಿಂದಲೇ ಕೊಳ್ಳಬೇಕು. ಪೇಟೆಯ ಪಂಚಾಯಿತಿ ಕಟ್ಟೆಯ ಮೇಲೆ ಯಾರೋ ಇದನ್ನು ಗಟ್ಟಿಯಾಗಿ ಓದಿದರು. ನಾನು ಅಲ್ಲಿಂದಲೇ ಹಾವೇರಿ ಬಸ್ಸು ಹತ್ತಿದೆ.

ಹಾವೇರಿ

ಕಚೇರಿಯಲ್ಲಿ ಇಂಜಿನಿಯರ್ ಪಾಟೀಲ ಸಾಹೇಬರು. ಕೆಟ್ಟ ಮನುಷ್ಯರಲ್ಲ. ಆದರೆ ಹೊಸ ದಾರಿ ಕಂಡರೆ ಹೆಜ್ಜೆ ಹಿಂದಿಡುವ ಜಾತಿ.

“ನಿಯಮ ಐತ್ರಿ ಅಮ್ಮಾರ, ಖರೇ. ಆದ್ರ ಸಾರ್ವಜನಿಕ ಕಾಮಗಾರಿಗೆ ಮಾಲು ಕೊಟ್ಟ ಅನುಭವದ ಪತ್ರ ಒಂದರ ಬೇಕು.”

“ಕೆಲಸ ಕೊಟ್ರ ಅನುಭವ ಬರತೈತ್ರಿ.”

“ಅನುಭವ ತಂದ್ರ ಕೆಲಸ ಕೊಡ್ತೇವ್ರಿ.”

“ಹಂಗಾದ್ರ ಈ ನಿಯಮ ಯಾರ ಸಲುವಾಗಿ ಮಾಡೀರಿ? ಗ್ವಾಡಿಗೆ ಅಂಟಿಸಾಕೇನು?”

ಬಾಗಿಲಲ್ಲಿ ನಿಂತಿದ್ದ ಒಬ್ಬರು ನಕ್ಕರು. ಅವರು ರಾಣೇಬೆನ್ನೂರಿನ ಇಮಾಮ್‌ಸಾಬ, ಬಾವಿಗೆ, ಮೋರಿಗೆ ಸಿಮೆಂಟಿನ ಬಳೆ ಎರಕ ಹೊಯ್ಯುವವರು. ಅವರೂ ಅದೇ ಪತ್ರಕ್ಕಾಗಿ ನಾಲ್ಕನೆಯ ಸಲ ಬಂದಿದ್ದರು.

ಮುಂದಿನ ತಿಂಗಳು ಅದೇ ಕಚೇರಿಯಿಂದ ಕರೆ ಬಂತು. ಶ್ರೀಲಂಕಾದಲ್ಲಿ ಹಳ್ಳಿಯವರೇ ಸಂಘ ಕಟ್ಟಿಕೊಂಡು ಸರಕಾರಿ ಕೆಲಸ ಮಾಡುತ್ತಾರಂತೆ, ಅದನ್ನು ನೋಡಲು ಸರಕಾರ ಕೆಲವರನ್ನು ಕಳಿಸುತ್ತಿತ್ತು. ಪಟ್ಟಿಯಲ್ಲಿ ಸಣ್ಣ ಉದ್ಯಮದ ಒಬ್ಬ ಹೆಂಗಸು ಇರಲೇಬೇಕು. ಆರಿಸಿದ್ದ ಹಾವೇರಿಯಾಕೆ ಮಗಳ ಬಾಣಂತನಕ್ಕೆ ನಿಂತಳು. ಪಾಟೀಲರಿಗೆ ನನ್ನ ಬಾಯಿ ನೆನಪಿತ್ತೋ ಏನೋ, ನನ್ನ ಹೆಸರು ಬರೆದರು. ಇಮಾಮ್‌ಸಾಬರ ಹೆಸರು ಮೊದಲೇ ಇತ್ತು, ನಮ್ಮನ್ನು ಕರೆದೊಯ್ಯುವವರು ಪಾಟೀಲರೇ. “ನಿಮ್ಮ ನಿಮ್ಮ ಮಾಲಿನ ಮಾದರಿ ತರ್ರಿ” ಎಂದೂ ಹೇಳಿದರು.

ಶೆಡ್ಡಿನಲ್ಲಿ ನನ್ನ ಜೊತೆಯವಳಾದ ಶರಣವ್ವ ಸುದ್ದಿ ಕೇಳಿ ದಬ್ಬಣ ಕೆಳಗಿಟ್ಟಳು.

“ರಾವಣನ ಊರಿಗೆ ಹೊಂಟೀ ಏನ್ ಬೇ? ಸೀತಾನ್ನ ಒಯ್ದ ಮ್ಯಾಲ ಅವಗ ರಾಮಾಯಣ ಹತ್ತಿತು. ನಿನ್ನ ಒಯ್ದ್ರ ಅವನ ತಾನ ತಂದು ಬಿಟ್ಟು ಹೋಗ್ತಾನ ತಗಿ.”

ನಕ್ಕರು ಎಲ್ಲರೂ. ನಗುವುದು ಮುಗಿದ ಮೇಲೆ ಅವಳೇ ಕೇಳಿದಳು: “ಬರೂ ತಿಂಗಳು ಕೆಲಸ ಇರತೈತೋ ಇಲ್ಲೋ? ಇಲ್ಲಂದ್ರ ಈಗ ಹೇಳಿಬಿಡು. ನಾವು ಬ್ಯಾರೆ ಹಾದಿ ನೋಡ್ಕೋತೇವಿ.”

“ನಾ ಬರೂಮಟಾ ಶೆಡ್ಡಿನ ಬಾಗಿಲಾ ತಗದ ಇರಲಿ” ಎಂದೆ. ಬಂದ ಮೇಲೆ ಏನು ಎಂದು ಹೇಳಲಿಲ್ಲ. ನನಗೇ ಗೊತ್ತಿರಲಿಲ್ಲ.

ಕೊಲಂಬೊ

ವಿಮಾನದ ಬಗ್ಗೆ ಹೇಳುವಂಥದ್ದೇನಿಲ್ಲ. ನಮ್ಮ ಬಸ್ಸಿಗಿಂತ ಕಡಿಮೆ ಕುಲುಕುತ್ತದೆ, ಮಾತಾಡುವವರೂ ಕಡಿಮೆ. ನಾನು ಕಟ್ಟಿಕೊಂಡು ಹೋಗಿದ್ದ ಖಡಕ್ ರೊಟ್ಟಿಯ ಗಂಟಿನ ಮೇಲೆ ಇಮಾಮ್‌ಸಾಬರು ಕುಳಿತುಬಿಟ್ಟರು. ಅಲ್ಲಿಗೆ ಹೋಗಿ ಬಿಚ್ಚಿದರೆ ಹಿಟ್ಟು. ನಾಲ್ಕು ದಿನ ಆ ಪುಡಿಯನ್ನು ಮೊಸರಿಗೆ ಕಲಸಿ ತಿಂದೆ. ಅವರೂ ತಿಂದರು, “ಭಾಳ ಛಲೋ ಆಗೈತ್ರಿ ಅಕ್ಕಾರ, ಮುರಿಯೂ ಕೆಲಸ ನಂದ ಉಳೀತು” ಎಂದು ಹೊಗಳುತ್ತ.

ತೊಂದರೆ ಆದದ್ದು ಇಳಿದ ಮೇಲೆ. ನಾನು ಮಾದರಿಗೆ ಎರಡು ತಟ್ಟು ಸುತ್ತಿ ತಂದಿದ್ದೆ. ಇಮಾಮ್‌ಸಾಬರು ಸಿಮೆಂಟಿನ ಬಳೆ ಹೊತ್ತು ತರಲಾಗದೆ ಅದರ ಫೋಟೋ ತಂದಿದ್ದರು. ತಪಾಸಣೆಯ ಮೇಜಿನ ಮೇಲೆ ನನ್ನ ಸುರುಳಿ ಬಿಚ್ಚಿಸಿದರು. ಬಿಳಿ ಬಟ್ಟೆಯ ಅಧಿಕಾರಿ ಬಗ್ಗಿ ನೋಡಿದ. ಸೀನಿದ. ಇನ್ನೊಬ್ಬ ಬಂದ, ಅವನೂ ಸೀನಿದ. ಹಿಂದಿನ ಸಾಲಿನಲ್ಲಿದ್ದ ಒಂದು ಸಂಸಾರವಿಡೀ ಸೀನಿತು. ಪಾಟೀಲರು ಕರವಸ್ತ್ರ ಮೂಗಿಗೆ ಒತ್ತಿಕೊಂಡು ನನ್ನ ಕಡೆ ತಿರುಗಿದರು.

“ಏನ್ ತಂದೀರಿ ಇದು?”

“ಗೋಣಿ. ಮತ್ತೇನು?”

ಇಮಾಮ್‌ಸಾಬರು ಕಣ್ಣು ಒರೆಸಿಕೊಳ್ಳುತ್ತ ಕೇಳಿದರು: “ಅಕ್ಕಾರ, ತೊಳದೀರಿಲ್ರಿ ಇದನ್ನ?”

ತೊಳೆದಿರಲಿಲ್ಲ. ತೊಳೆಯಬೇಕೆಂದು ಹೊಳೆಯಲೂ ಇಲ್ಲ. ಬ್ಯಾಡಗಿಯ ಪೇಟೆಯ ಹಿಂದೆ ಹುಟ್ಟಿ ಬೆಳೆದವರ ಮೂಗಿಗೆ ಮೆಣಸಿನಕಾಯಿಯ ಘಾಟು ಇದ್ದೂ ಇಲ್ಲದಂತೆ. ಮೇಲಾಗಿ ಗಟ್ಟಿ ಗೋಣಿ ಇರಲಿ ಎಂದು ನಾನು ಆರಿಸಿದ್ದು ಗುಂಟೂರು ಕಡೆಯ ಕಾಯಿ ಬಂದ ಚೀಲ. ನಮ್ಮ ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಹದವಾಗಿರುತ್ತದೆ, ಯಾರನ್ನೂ ಹೀಗೆ ಅಳಿಸುವುದಿಲ್ಲ. ಇದನ್ನು ಆ ಅಧಿಕಾರಿಗೆ ತಿಳಿಸಿ ಹೇಳಿರಿ ಎಂದು ಪಾಟೀಲರಿಗೆ ಹೇಳಿದೆ. ಅವರು ಇಂಗ್ಲಿಷಿನಲ್ಲಿ ಏನು ಹೇಳಿದರೋ, ಕೈ ಮುಗಿದದ್ದು ಮಾತ್ರ ಕಂಡಿತು. ಸುರುಳಿ ಬಿಟ್ಟುಕೊಟ್ಟರು.

ಸೋಮಾವತಿಯ ಊರು, ಮೊದಲ ದಿನ

ಆ ದೇಶದಲ್ಲಿ ಆಗ ಗುಂಡಿನ ಸದ್ದು ನಿಂತಿತ್ತು. ಜನ ಉಸಿರು ಬಿಟ್ಟು ಮನೆ ಮಠ ರಿಪೇರಿಗೆ ಹತ್ತಿದ್ದರು. ನಮ್ಮನ್ನು ಒಯ್ದ ಊರು ದೊಡ್ಡ ಕೆರೆಯ ಏರಿಯ ಕೆಳಗಿತ್ತು. ತೆಂಗಿನ ಗಿಡ ಕಿತ್ತು ಆಚೆ ಇಟ್ಟರೆ ನಮ್ಮ ಹಾವೇರಿ ಹತ್ತಿರದ ಅಗಡಿಯ ಕಡೆ ಬಂದೆನೇನೋ ಅನ್ನಬೇಕು. ಅಲ್ಲಿಯೂ ಬಂದವರಿಗೆ ಎಲೆ ಅಡಿಕೆ ಮುಂದಿಡುತ್ತಾರೆ. ಚಹಾ ಮಾತ್ರ ವಿಚಿತ್ರ. ಹಾಲಿಲ್ಲ, ಸಕ್ಕರೆ ಇಲ್ಲ. ಅಂಗೈಯಲ್ಲಿ ಬೆಲ್ಲದ ತುಣುಕು ಇಟ್ಟುಕೊಂಡು, ಅದನ್ನು ಕಚ್ಚಿ ಕಚ್ಚಿ ಕರಿಚಹಾ ಕುಡಿಯುತ್ತಾರೆ. ನಾನು ಮೊದಲ ಸಲ ಬೆಲ್ಲವನ್ನು ಬಟ್ಟಲಿನಲ್ಲಿ ಹಾಕಿಬಿಟ್ಟೆ. ಯಾರೂ ನಗಲಿಲ್ಲ. ನಮ್ಮಲ್ಲಾಗಿದ್ದರೆ ಮೂರು ತಲೆಮಾರು ಹೇಳಿ ನಗುತ್ತಿದ್ದರು.

ಊರ ಸಂಘದ ಅಧ್ಯಕ್ಷೆ ಸೋಮಾವತಿ. ನನಗಿಂತ ಹತ್ತು ವರ್ಷ ಚಿಕ್ಕವಳು, ಕೈ ನೋಡಿದರೆ ದುಡಿದವಳು ಎಂದು ತಿಳಿಯುತ್ತದೆ. ಅವರು ಕಾಲುವೆಗೆ ಕಿರುಸೇತುವೆ ಕಟ್ಟುತ್ತಿದ್ದರು. ಹಿಂದಿನ ದಿನವಷ್ಟೇ ಮೇಲಿನ ಹಾಸು ಎರಕ ಹೊಯ್ದಿದ್ದರು, ಅದೂ ಜೋಯಿಸರು ಕೊಟ್ಟ ಮುಹೂರ್ತಕ್ಕೆ ಸರಿಯಾಗಿ. ಪಕ್ಕದಲ್ಲಿ ಒಂದು ಹಲಗೆ ನಿಲ್ಲಿಸಿದ್ದರು. ಕಲ್ಲು ಯಾರದು, ಉಸುಕು ಯಾರದು, ಇಟ್ಟಿಗೆ ಯಾರ ಮನೆಯದು ಎಂದು ಹೆಸರು ಸಹಿತ ಬರೆದಿತ್ತು. ನಮ್ಮಲ್ಲೂ ಹಲಗೆ ಇರುತ್ತದೆ. ಅದರಲ್ಲಿ ಗುತ್ತಿಗೆದಾರನ ಹೆಸರಿನ ಮೇಲೆ ಯಾರೋ ಸಿನೆಮಾ ಚಿತ್ರ ಅಂಟಿಸಿರುತ್ತಾರೆ.

ಅವರ ಕಡೆಯ ಒಬ್ಬ ಇಂಜಿನಿಯರು ಸಿಂಹಳವನ್ನು ಇಂಗ್ಲಿಷು ಮಾಡುತ್ತಿದ್ದರು, ಪಾಟೀಲರು ಇಂಗ್ಲಿಷನ್ನು ಕನ್ನಡ. ಹೀಗೆ ಅವಳನ್ನು ಕೇಳಿದೆ: “ಮೊದಲನೇ ಸಲ ನಿಮ್ಗ ಕೆಲಸ ಕೊಟ್ಟಾಗ ಅನುಭವದ ಪತ್ರ ಕೇಳಲಿಲ್ಲೇನು?”

ಅವಳು ಉದ್ದ ಉತ್ತರ ಕೊಟ್ಟಳು. ಪಾಟೀಲರು ಗಿಡ್ಡ ಮಾಡಿ ಹೇಳಿದರು: “ಸಣ್ಣ ಕೆಲಸ ಮೊದಲ ಊರಿನ ಸಂಘಕ್ಕ ಕೊಡಬೇಕಂತ ಇಲ್ಲಿ ನಿಯಮ ಐತಂತ.”

“ಆಕಿ ಇಷ್ಟುದ್ದ ಹೇಳಿದ್ಳು. ನೀವು ಚೋಟುದ್ದ ಮಾಡೀರಿ. ಪೂರಾ ಹೇಳ್ರಿ.”

ಪಾಟೀಲರು ಕನ್ನಡಕ ತೆಗೆದು ಒರೆಸಿದರು. “ಮೊದಲ ಹತ್ತು ಮಾರು ಗಟಾರ ಕಟ್ಟಾಕ ಕೊಟ್ರಂತ. ಅದು ಕೆಟ್ರ ಭಾಳ ಹಾನಿ ಇರಲಿಲ್ಲ. ಕೆಡಲಿಲ್ಲ. ಅದ ಅನುಭವ ಆತಂತ. ಆಮ್ಯಾಲ ಈ ಕಾಲುವಿ ಪೂಲು ಕೊಟ್ರಂತ.”

“ಕೇಳಿದ್ರಿಲ್ಲ ಸಾಹೇಬ್ರ?” ಎಂದರು ಇಮಾಮ್‌ಸಾಬ. ಪಾಟೀಲರು ಕೇಳದವರಂತೆ ಕಾಲುವೆಯ ನೀರು ನೋಡಿದರು.

ಅದೇ ಊರು, ಅದೇ ಮಧ್ಯಾಹ್ನ

ಅಲ್ಲಿ ಹಸಿ ಕಾಂಕ್ರೀಟಿನ ಮೇಲೆ ಹಾಸುವುದು ಭತ್ತದ ಹುಲ್ಲು. ಹುಲ್ಲಿನ ಮೇಲೆ ನೀರು. ನಾನು ನನ್ನ ಎರಡು ತಟ್ಟು ತೋರಿಸಿ, ಅರ್ಧ ಭಾಗಕ್ಕೆ ಇದನ್ನು ಹಾಕಿ ನೋಡಿರಿ ಎಂದೆ. ಸೋಮಾವತಿಗೆ ಹೊಲಿಗೆ ನೋಡಿ ಖುಷಿ. ಬೆರಳಿನಿಂದ ಟಾಕು ಎಣಿಸಿದಳು. ತಾನೇ ತೋಯಿಸುತ್ತೇನೆಂದು ಎರಡೂ ಕೈ ಹಾಕಿ ನೀರಲ್ಲಿ ಹಿಂಡಿದಳು, ಹಾಸಿದಳು, ಹಣೆಯ ಬೆವರು ಒರೆಸಿಕೊಂಡಳು.

ಆಮೇಲೆ ಅವಳು ಕೂಗಿದ್ದು ಏರಿಯ ಆಚೆಗೂ ಕೇಳಿರಬೇಕು.

ಕೈ ಉರಿ, ಕಣ್ಣು ಉರಿ. ಹೆಂಗಸರು ಓಡಿ ಬಂದು ತೆಂಗಿನ ಎಣ್ಣೆ ಸವರಿದರು. ನಾನು ನನ್ನ ಸೆರಗು ತೋಯಿಸಿ ಅವಳ ಕಣ್ಣಿಗೆ ಒತ್ತಿದೆ. ಪಾಟೀಲರ ಮುಖ ಕೆಂಪಾಗಿತ್ತು, ಅದು ಮೆಣಸಿನಕಾಯಿಯಿಂದಲ್ಲ.

“ದೇಶದ ಮಾನ ಕಳದ್ರಿ! ಮೊದಲ ಅದನ್ನ ತಗಸ್ರಿ ಅಲ್ಲಿಂದ. ಇದನ್ನ ನಮ್ಮ ಕಾಮಗಾರಿಗೆ ಕೊಡಾಕ ಬಂದಿದ್ರೇನು ನೀವು?”

ಅರವತ್ತು ದಾಟಿದವಳು ನಾನು. ಹನ್ನೊಂದು ಹೆಂಗಸರು ಬಾಗಿಲು ತೆಗೆದು ಕುಳಿತಿದ್ದಾರೆ, ನಾನಿಲ್ಲಿ ಊಟಕ್ಕೆ ಕರೆದವರ ಕಣ್ಣಿಗೆ ಖಾರ ಹಾಕಿದ್ದೇನೆ. ತಟ್ಟು ತೆಗೆಯಲು ಹೋದೆ. ಸೋಮಾವತಿ ನನ್ನ ರಟ್ಟೆ ಹಿಡಿದು ಎಳೆದಳು. ಅದನ್ನು ಮುಟ್ಟಬೇಡ, ನಿನ್ನ ಕೈಯೂ ಉರಿಯುತ್ತದೆ ಎಂದಳಂತೆ. ನನಗೇನೂ ಆಗುವುದಿಲ್ಲ ಎಂದು ಅವಳಿಗೆ ಹೇಗೆ ಹೇಳಲಿ? ಬೇರೆ ಯಾರೂ ಮುಟ್ಟಲು ತಯಾರಿಲ್ಲ. ಹೀಗೆ ತಟ್ಟು ಅಲ್ಲೇ ಉಳಿಯಿತು. ನಾವು ಊಟಕ್ಕೆ ಹೋದೆವು.

ಅನ್ನ, ತೆಂಗಿನ ಹಾಲಿನ ಸಾರು. ಕಣ್ಣು ಕೆಂಪಗೆ ಮಾಡಿಕೊಂಡೇ ಸೋಮಾವತಿ ನನಗೆ ಎರಡನೆಯ ಸಲ ಬಡಿಸಿದಳು.

ಮರಳಿ ಬಂದಾಗ ಸೇತುವೆಯ ಹತ್ತಿರ ಊರಿನ ದನಗಳು. ಹುಲ್ಲು ಹಾಸಿದ್ದ ಅರ್ಧ ಹಾಸು ಬೋಳು. ಒಂದೆಳೆ ಬಿಡದೆ ತಿಂದಿದ್ದವು. ಕಾಂಕ್ರೀಟು ಬಿಸಿಲಿಗೆ ಸುಣ್ಣದಂತೆ ಬೆಳ್ಳಗಾಗಿ, ಒಂದು ಕಡೆ ಕೂದಲೆಳೆಯಂಥ ಸೀಳು ಬಿಟ್ಟಿತ್ತು. ನನ್ನ ತಟ್ಟಿನ ಮುಂದೆ ಒಂದು ಕೆಂಪು ಆಕಳು ನಿಂತಿತ್ತು. ಮೂತಿ ಚಾಚಿತು, ತಲೆ ಕೊಡವಿತು, ಸೀನಿತು, ಬಾಲ ಎತ್ತಿ ಓಡಿತು.

ನಾನು ತಟ್ಟಿನ ಅಂಚು ಎತ್ತಿ ತೋರಿಸಿದೆ. ಕೆಳಗೆ ಕಾಂಕ್ರೀಟು ಕಪ್ಪಗೆ, ಒದ್ದೆಯಾಗಿ, ಒಂದೂ ಸೀಳಿಲ್ಲದೆ ಇತ್ತು.

ಇಮಾಮ್‌ಸಾಬರು ಟೊಪ್ಪಿಗೆ ಸರಿಮಾಡಿಕೊಂಡರು. “ಸಾಹೇಬ್ರ, ದೇಶದ ಮಾನ ಉಳೀತ್ರಿ. ಆಕಳು ಸಾಕ್ಷಿ.”

ಸೋಮಾವತಿ ಬಗ್ಗಿ ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಸೊಂಟಕ್ಕೆ ಕೈ ಇಟ್ಟು ನಕ್ಕಳು. ಎಷ್ಟು ನಕ್ಕಳೆಂದರೆ ಕಣ್ಣಲ್ಲಿ ಮತ್ತೆ ನೀರು ಬಂತು. ಪ್ರತಿ ಸಲವೂ ಹುಲ್ಲು ದನಗಳ ಪಾಲಾಗುತ್ತದೆ, ಕಾಯಲು ಇಬ್ಬರನ್ನು ಕೂರಿಸಬೇಕು, ಅವರು ನಿದ್ದೆ ಮಾಡುತ್ತಾರೆ ಎಂದು ಅವರ ಕಡೆಯ ಇಂಜಿನಿಯರು ಪಾಟೀಲರಿಗೆ ಹೇಳಿದರು. ಈ ಸಲ ಪಾಟೀಲರು ಏನೂ ಗಿಡ್ಡ ಮಾಡದೆ ನನಗೆ ಹೇಳಿದರು.

ಮುಂದಿನ ಮೂರು ದಿನ

ಉಳಿದವರು ಕಾರ್ಖಾನೆ, ಬಂದರು ನೋಡಲು ಹೋದರು. ನಾನು ಹೋಗಲಿಲ್ಲ. ಸೋಮಾವತಿಯ ಮನೆಯ ಜಗುಲಿಯಲ್ಲಿ ಕುಳಿತು ಆರು ಹೆಂಗಸರಿಗೆ ತಟ್ಟು ಹೊಲಿಯುವುದನ್ನು ಕಲಿಸಿದೆ. ಮಾತು ಬರುತ್ತಿರಲಿಲ್ಲ, ದಬ್ಬಣಕ್ಕೆ ಮಾತು ಬೇಕಾಗಿಯೂ ಇರಲಿಲ್ಲ. ಗೋಣಿ ಅವರ ಅಕ್ಕಿ ಅಂಗಡಿಯದು, ಒಳಗೆ ತುಂಬಿದ್ದು ತೆಂಗಿನ ನಾರು. ಖಾರ ಅವರ ಊರಿನದೇ. ಸಣ್ಣ ಕಾಯಿ, ಬಣ್ಣ ಮಂಕು, ಬಾಯಿಗಿಟ್ಟರೆ ಕಿವಿ ಬಿಸಿಯಾಗುತ್ತದೆ. ಅದನ್ನು ಕುಟ್ಟಿ ನೀರು ಮಾಡಿ, ಹೊಲಿದಾದ ಮೇಲೆ ಅಂಚಿಗೆ ಮಾತ್ರ ಚಿಮುಕಿಸುವುದು, ಕೋಲಿನಿಂದ ಎತ್ತಿ ಹಾಸುವುದು. ಇದು ಸೋಮಾವತಿಯ ಉಪಾಯ. ಪಾಠ ಕಲಿತದ್ದು ಅವಳ ಕಣ್ಣುಗಳಲ್ಲವೇ.

ಒಬ್ಬ ಮುದುಕಿ ನನ್ನ ಕೈ ತಿರುಗಿಸಿ ಬೆರಳ ತುದಿಯ ಗಂಟು ಮುಟ್ಟಿ ನೋಡಿದಳು, ತನ್ನ ಕೈ ತೋರಿಸಿದಳು. ಅವಳದು ಚಾಪೆ ಹೆಣೆದು ಆದದ್ದು.

ಹೊರಡುವ ದಿನಕ್ಕೆ ಇಡೀ ಸೇತುವೆ ತಟ್ಟಿನ ಕೆಳಗೆ ಒದ್ದೆಯಾಗಿ ಮಲಗಿತ್ತು. ಪಾಟೀಲರೂ ಉಳಿದವರೂ ನನ್ನನ್ನು ಕರೆದೊಯ್ಯಲು ಕಾರಿನಲ್ಲಿ ಬಂದಿದ್ದರು, ಸಂಘದವರು ನನಗೆ ಒಂದು ಸೀರೆ ಕೊಡಲು ಬಂದರು.

“ಸೀರಿ ಬ್ಯಾಡ” ಎಂದೆ ಪಾಟೀಲರಿಗೆ. “ಈಕಿ ಮಾಲು ನಮ್ಮ ಸರಕಾರಿ ಪೂಲಿಗೆ ಹಾಸೇವಿ, ಛಲೋ ಕೆಲಸ ಮಾಡೈತಿ ಅಂತ ಒಂದು ಕಾಗದ ಬರದು ಶಿಕ್ಕಾ ಹೊಡದು ಕೊಡಾಕ ಹೇಳ್ರಿ.”

ಆ ಕಾಗದ ಮುಂದೆ ಯಾರ ಮೇಜಿಗೆ ಬರುತ್ತದೆ ಎಂದು ಪಾಟೀಲರಿಗೆ ತಿಳಿಯಿತು. ಆದರೂ ಹೇಳಿದರು. ಸೋಮಾವತಿ ಅಲ್ಲೇ ಕುಳಿತು, ದುಂಡು ದುಂಡು ಅಕ್ಷರದಲ್ಲಿ ಒಂದು ಪುಟ ತುಂಬ ಬರೆದು, ಸಂಘದ ಮೊಹರು ಒತ್ತಿದಳು. ಅವರ ಇಂಜಿನಿಯರೂ ಸಹಿ ಮಾಡಿದರು. ನಾನು ಕಾಗದವನ್ನು ಪಾಟೀಲರ ಮುಂದೆ ಹಿಡಿದೆ.

“ನೀವೂ ಹಾಕ್ರಿ.”

“ನಾ ಹ್ಯಾಂಗ ಸಹಿ ಮಾಡ್ಲಿ ಅಮ್ಮಾರ?”

“ಪೆನ್ನಿನಿಂದ ಮಾಡ್ರಿ. ನಿಮ್ಮ ಕಣ್ಣಿಲೆ ನೋಡೀರೋ ಇಲ್ಲೋ?”

“ನೋಡೇನಿ.”

“ನೋಡೇನಿ ಅಂತ ಬರೀರಿ. ಹೆಚ್ಚಿಗಿ ಒಂದು ಅಕ್ಷರ ಬ್ಯಾಡ.”

ಅವರು ಕಾಗದ ತೆಗೆದುಕೊಂಡು ಕಾರಿನ ಬಾನೆಟ್ಟಿನ ಮೇಲಿಟ್ಟು, ‘ನನ್ನ ಸಮಕ್ಷಮ ಪರೀಕ್ಷಿಸಲಾಗಿದೆ’ ಎಂದು ಕನ್ನಡದಲ್ಲಿ ಬರೆದು ಸಹಿ ಮಾಡಿದರು. ಇಮಾಮ್‌ಸಾಬರ ಫೋಟೋ ನೋಡಿದ ಸಂಘದವರು ಅವರಿಗೂ ಬಳೆಯ ಅಚ್ಚು ಮಾಡಿಕೊಡಲು ಕೇಳಿದ್ದರು. ಆದರೆ ದಿನ ಸಾಲಲಿಲ್ಲ. “ನನ್ನ ಮಾಲಿಗೂ ಒಂದೀಟು ಖಾರ ಹಚ್ಚಿ ತರಬೇಕಿತ್ರಿ” ಎಂದು ಅವರು ವಿಮಾನ ಹತ್ತುವವರೆಗೂ ಹೇಳಿದರು.

ಮತ್ತೆ ಹಾವೇರಿ

ಕಚೇರಿಯ ಗುಮಾಸ್ತ ಕಾಗದವನ್ನು ಉಲ್ಟಾ ಹಿಡಿದು ನೋಡಿದ, ಸುಲ್ಟಾ ಹಿಡಿದು ನೋಡಿದ.

“ಇದ್ಯಾವ ಭಾಷಾ ಬೇ ಯಮ್ಮಾ? ಜಿಲೇಬಿ ಹಾಕಿದಂಗ ಐತಿ.”

“ಸಿಂಹಳ.”

“ನನಗ ಓದಾಕ ಬರೂದಿಲ್ಲ.”

“ನನಗೂ ಬರೂದಿಲ್ಲ. ಕೆಳಗ ನಿಮ್ಮ ಸಾಹೇಬ್ರು ಕನ್ನಡದಾಗ ಬರದಾರ. ಅದರ ಬರತೈತೋ ಇಲ್ಲೋ?”

ಅವನು ಕಡತ ತೆಗೆದು ನಿಯಮದ ಮೇಲೆ ಬೆರಳಿಟ್ಟ. ಅನುಭವ ಈ ಜಿಲ್ಲೆಯದೇ ಆಗಿರಬೇಕು ಎಂದು ಹುಡುಕಿದ, ಇರಲಿಲ್ಲ. ಈ ರಾಜ್ಯದ್ದು ಎಂದು ಹುಡುಕಿದ, ಇರಲಿಲ್ಲ. ‘ಯಾವುದೇ ಸಾರ್ವಜನಿಕ ಕಾಮಗಾರಿ’ ಎಂದಷ್ಟೇ ಇತ್ತು. ಬರೆದವರಿಗೆ ಬ್ಯಾಡಗಿಯ ಗೋಣಿ ಸಮುದ್ರ ದಾಟುತ್ತದೆಂದು ಹೊಳೆದಿರಲಿಕ್ಕಿಲ್ಲ.

ಒಳಗಿನಿಂದ ಪಾಟೀಲರೇ ಎದ್ದು ಬಂದರು. “ಕೊಡ್ರಿ ಆದೇಶ” ಎಂದರು ಗುಮಾಸ್ತನಿಗೆ. “ಕದರಮಂಡಲಗಿ ರಸ್ತೇದ ಪೂಲುಗಳಿಗೆ. ಮತ್ತ, ಮೊದಲನೇ ಸಲ ಬರೋರಿಗೆ ಹತ್ತು ಮಾರು ಗಟಾರದಂಥ ಸಣ್ಣ ಕೆಲಸ ಪತ್ರ ಇಲ್ಲದ ಕೊಡಬೇಕಂತ ಮ್ಯಾಲಿನವರಿಗೆ ಒಂದು ಟಿಪ್ಪಣಿ ಬರೀರಿ. ರಾಣೇಬೆನ್ನೂರಿನ ಬಳೆಯವರ ಹೆಸರು ಅದರಾಗ ಮೊದಲ ಹಾಕ್ರಿ.”

ಆ ಟಿಪ್ಪಣಿ ಮೇಲೆ ಹೋಗಿ ಎರಡು ತಿಂಗಳಲ್ಲಿ ಮಂಜೂರಾಗಿ ಬಂತು. ಇಮಾಮ್‌ಸಾಬರ ಬಳೆ ಈಗ ಹಲಗೇರಿಯ ಹಾದಿಯ ಮೋರಿಯಲ್ಲಿ ಕುಳಿತಿದೆ. ಹೋಗಿ ನೋಡಬಹುದು.

ಆದೇಶ ಸೆರಗಿನಲ್ಲಿ ಕಟ್ಟಿಕೊಂಡು ನಾನು ಬ್ಯಾಡಗಿಗೆ ಬಂದಾಗ ಮಧ್ಯಾಹ್ನ. ಶೆಡ್ಡಿನ ಬಾಗಿಲು ತೆಗೆದೇ ಇತ್ತು. ಶರಣವ್ವ ಕಾಗದ ಓದಲಿಲ್ಲ, ನನ್ನ ಮುಖ ನೋಡಿದಳು. “ಆತೇನ ಬೇ?” “ಆತು.” ಅಷ್ಟೇ. ಅವಳು ಸೀಟಿ ಹೊಡೆದಳು. ಐವತ್ತು ವರ್ಷದ ಹೆಂಗಸು, ಪೇಟೆಯ ಹಮಾಲರು ತಿರುಗಿ ನೋಡುವ ಹಾಗೆ ಸೀಟಿ ಹೊಡೆದಳು. ನಾನಿಲ್ಲದಾಗ ಅವರು ಹೊಲಿದಿಟ್ಟಿದ್ದ ತಟ್ಟುಗಳನ್ನೆಲ್ಲ ಟೆಂಪೋದಲ್ಲಿ ಹೇರಿ, ಹೊತ್ತು ಮುಳುಗುವ ಮೊದಲೇ ಕದರಮಂಡಲಗಿ ರಸ್ತೆಯ ಮೊದಲ ಸೇತುವೆಗೆ ಹಾಸಿ ಮುಗಿಸಿದೆವು.

ಮರುದಿನ ಬೆಳಿಗ್ಗೆ ಹನ್ನೊಂದು ಮಂದಿಯನ್ನೂ ಕರೆದುಕೊಂಡು ಅದೇ ಸೇತುವೆಗೆ ಹೋದೆ. ಮಾಲು ಮುಟ್ಟಿದ ಪತ್ರ ಕೊಡಲು ಕೆಲಸದ ಮೇಲ್ವಿಚಾರಕ ಪುಸ್ತಕ ತೆಗೆದು ನನ್ನ ಹೆಸರು ಬರೆಯತೊಡಗಿದ. ತಡೆದೆ.

“ನನ್ನ ಹೆಸರಿಲೆ ಒಂದು ಬ್ಯಾಡ. ಹನ್ನೆರಡು ಬರೀರಿ. ಒಬ್ಬೊಬ್ಬರ ಹೆಸರಿಲೆ ಒಂದೊಂದು.”

“ಒಂದರಾಗ ಎಲ್ಲಾರ ಹೆಸರೂ ಬರೀತೇನ್ರೀ ಯಮ್ಮಾ.”

“ಬ್ಯಾಡ. ನಾಳೆ ಇವರು ತಮ್ಮ ತಮ್ಮ ಶೆಡ್ಡು ಹಾಕ್ಕೊಂಡ್ರ ಅನುಭವದ ಪತ್ರ ಕೇಳ್ತಾರ. ಆಗ ಇವರನ್ನ ಯಾವ ದೇಶಕ್ಕ ಕಳಸ್ಲಿ? ಬರೀರಿ.”

ಬಿಸಿಲೇರುವವರೆಗೆ ಬರೆಸಿದೆ. ಮೊದಲನೆಯದು ಶರಣವ್ವನದು.